ಟವೆಲ್ ಹೊದ್ದ ಲ್ಯಾಪ್‌ಟಾಪ್

ಸೊಳ್ಳೆಯೋ, ಮೇಕೆಯೋ, ಎಮ್ಮೆಯೋ? ಸೊಳ್ಳೆ ಹಗುರ, ಆದರೆ ಬಾಯಿ ಬಿಡುವುದಿಲ್ಲ. ಎಮ್ಮೆ ಮಾತಾಡುತ್ತದೆ, ಆದರೆ ಕೇಳಿದ್ದಕ್ಕೆ ಉತ್ತರ ಬರುವ ಹೊತ್ತಿಗೆ ಕೇಳಿದವರಿಗೇ ಕೇಳಿದ್ದು ಮರೆತಿರುತ್ತದೆ. ಮೇಕೆ ನಡುವಿನದು. ನಡುವಿನದನ್ನು ನಂಬಬಹುದೇ? ನಿನ್ನೆ ಸಂಜೆ ನಂಬಬಹುದು ಎನಿಸಿತ್ತು. ಈಗ ಅನಿಸುತ್ತಿಲ್ಲ. ನಿನ್ನೆ ಅನಿಸಿದ್ದೇ ಸರಿಯಾಗಿದ್ದರೆ?

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮಹಡಿ ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯಲ್ಲಿ, ಅರ್ಧ ಎತ್ತಿದ ಷಟರಿನ ಹಿಂದೆ, ಐವತ್ತು ದಾಟಿದ ಒಬ್ಬರು ಸ್ಟೂಲಿನ ಮೇಲೆ ಕೂತು ಈ ಮೂರು ಪ್ರಾಣಿಗಳನ್ನು ತಲೆಯೊಳಗೆ ಮೇಯಿಸುತ್ತಿದ್ದಾರೆ. ಎದುರಿಗಿರುವ ಹಳೆಯ ಲ್ಯಾಪ್‌ಟಾಪಿನ ಪರದೆಗೆ ಟವೆಲ್ ಹೊದಿಸಿದ್ದಾರೆ. ಅದು ಸಾಲದೆಂಬಂತೆ ಕಣ್ಣನ್ನೂ ಮುಚ್ಚಿಕೊಂಡಿದ್ದಾರೆ. ಬೆರಳು ಕೀಲಿಗಳ ಮೇಲೆ ತಡವುತ್ತದೆ, ಒಂದನ್ನು ಒತ್ತುತ್ತದೆ, ಕಾಯುತ್ತದೆ. ಯಂತ್ರದೊಳಗಿಂದ ನೆಗಡಿಯಾದ ಗಂಟಲಿನಂಥ ಧ್ವನಿಯೊಂದು 'ಹೊಸ ಕಡತ' ಎನ್ನುತ್ತದೆ. ಅವರಿಗೆ ಬೇಕಾಗಿದ್ದದ್ದು ಹೊಸ ಕಡತವಲ್ಲ. ಮತ್ತೆ ತಡವುತ್ತಾರೆ.

"ಎಲ್ಲಿದೀನಿ ಅಂತಾನೇ ಗೊತ್ತಾಗಲ್ಲ ನೋಡಿ," ಎಂದು ಕಣ್ಣು ಬಿಡದೆಯೇ ಹೇಳುತ್ತಾರೆ. "ನಾನೇ ಜೋಡಿಸಿದ ಮನೆ. ಬಾಗಿಲು ನನಗೇ ಸಿಗ್ತಿಲ್ಲ."

ಬೀದಿಯವರಿಗೆ ಇವರು ಪೆಟ್ಟಿಗೆಯಣ್ಣ. ಸತ್ತಿತೆಂದು ಜನ ಕೈಬಿಟ್ಟ ಲ್ಯಾಪ್‌ಟಾಪುಗಳನ್ನು ಎಬ್ಬಿಸಿಕೊಡುವುದು ಇವರ ಕಸುಬು. ಬಿಡಿಭಾಗ ಬದಲಿಸುವುದು ಕಡಿಮೆ. ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಂ, ವರ್ಷದಿಂದ ವರ್ಷಕ್ಕೆ ಮೈ ಬೆಳೆಸಿಕೊಳ್ಳುತ್ತದೆ. ಅದನ್ನು ಹೊರುವ ಯಂತ್ರದ ಶಕ್ತಿ ಮಾತ್ರ ಕೊಂಡ ದಿನದಷ್ಟೇ ಇರುತ್ತದೆ. ಪೆಟ್ಟಿಗೆಯಣ್ಣ ಆ ಭಾರದ್ದನ್ನು ಇಳಿಸಿ ಹಗುರವಾದ ಇನ್ನೊಂದನ್ನು ಕೂರಿಸುತ್ತಾರೆ. ಪುಕ್ಕಟೆ ಸಿಗುವ ಅಂಥ ಮೂರು ಸಿಸ್ಟಂಗಳು ಮೂರು ಪೆನ್‌ಡ್ರೈವ್‌ಗಳಲ್ಲಿ ಗೋಡೆಯ ಮೊಳೆಗೆ ನೇತಾಡುತ್ತವೆ. ಅವುಗಳ ನಿಜವಾದ ಹೆಸರು ಗಿರಾಕಿಗಳ ನಾಲಗೆಗೆ ಹೊರಳದ್ದರಿಂದ ತೂಕ ನೋಡಿ ತಾವೇ ಹೆಸರಿಟ್ಟಿದ್ದಾರೆ: ಸೊಳ್ಳೆ, ಮೇಕೆ, ಎಮ್ಮೆ.

"ಕೆಟ್ಟಿರಲ್ಲ ಇವು. ಸುಸ್ತಾಗಿರ್ತವೆ, ಅಷ್ಟೇ. ಮುದುಕನ ತಲೆ ಮೇಲೆ ಬೀರು ಹೊರಿಸಿ ಓಡು ಅಂದ್ರೆ ಓಡ್ತಾನಾ?"

ಬೀರುವಿನ ಮಾತು ಸುಮ್ಮನೆ ಬಂದದ್ದಲ್ಲ. ಮೊದಲು ಇವರು ಕಚೇರಿಗಳ ಸಾಮಾನು ಸಾಗಿಸುವ ಕೂಲಿ. ಬೀರು, ಮೇಜು, ಕಡತದ ಮೂಟೆ ಹೊತ್ತು ಮಹಡಿ ಹತ್ತಿ ಇಳಿದು ಬೆನ್ನು ಹೋಯಿತು. ಕಚೇರಿ ಖಾಲಿ ಮಾಡಿದವರು ಬಿಸಾಕಿ ಹೋದ ಲ್ಯಾಪ್‌ಟಾಪೊಂದನ್ನು ಮನೆಗೆ ತಂದಿದ್ದರು. ಬೆನ್ನು ನೆಟ್ಟಗಾಗದ ತಿಂಗಳುಗಳಲ್ಲಿ ಅದನ್ನು ಮಲಗಿಕೊಂಡೇ ಬಿಚ್ಚಿದರು, ಕಟ್ಟಿದರು, ಕೆಡಿಸಿದರು, ಕಲಿತರು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಜೆರಾಕ್ಸ್ ಯಂತ್ರ ನಡೆಸುವ ಹೆಂಡತಿ ಆ ದಿನಗಳನ್ನು ನೆನೆಯುವುದು ಹೀಗೆ: "ಇವ್ರ ಬೆನ್ನೂ ಎದ್ದೇಳ್ತಿರ್ಲಿಲ್ಲ, ಆ ಡಬ್ಬಾನೂ ಎದ್ದೇಳ್ತಿರ್ಲಿಲ್ಲ. ಯಾವುದಕ್ಕೆ ಮೊದಲು ಎಣ್ಣೆ ಹಚ್ಲಿ ಅಂತ ಗೊತ್ತಾಗದೆ ನಾನು ಒದ್ದಾಡ್ತಿದ್ದೆ."

ಈಗ ದಿನಕ್ಕೆ ನಾಲ್ಕೈದು ಲ್ಯಾಪ್‌ಟಾಪ್ ಬರುತ್ತವೆ. ಓದುವ ಮಕ್ಕಳದ್ದು, ಸಣ್ಣ ಅಂಗಡಿಯವರದ್ದು, ನಿವೃತ್ತರದ್ದು. ಹೆಚ್ಚಿನವಕ್ಕೆ ಸೊಳ್ಳೆಯೇ ಸಾಕು. ಗುಂಡಿ ಒತ್ತಿದರೆ ಒಂದು ಆಕಳಿಕೆ ಮುಗಿಯುವುದರೊಳಗೆ ಎದ್ದು ಕೂರುತ್ತದೆ. ಗಿರಾಕಿ ಕಣ್ಣರಳಿಸುತ್ತಾರೆ. ಆ ಅರಳಿದ ಕಣ್ಣೇ ಪೆಟ್ಟಿಗೆಯಣ್ಣನಿಗೆ ಸರ್ಟಿಫಿಕೇಟು. ಎಡವಿದ್ದೂ ಅಲ್ಲಿಯೇ.

ಟವೆಲ್ ಹೊದ್ದ ಲ್ಯಾಪ್‌ಟಾಪ್ ಹಿಂದಿನ ಬೀದಿಯ ಟೈಪಿಂಗ್ ಅಕ್ಕನದು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಸಭೆ, ಸಂದರ್ಶನಗಳ ರೆಕಾರ್ಡಿಂಗ್ ಕೇಳಿ ಟೈಪು ಮಾಡಿಕೊಡುವುದು ಅವರ ಕೆಲಸ. ಒಂದು ಕಿವಿಯಲ್ಲಿ ಫೋನಿನ ಇಯರ್‌ಫೋನ್, ಅದರಲ್ಲಿ ರೆಕಾರ್ಡಿಂಗ್. ಇನ್ನೊಂದು ಕಿವಿ ಲ್ಯಾಪ್‌ಟಾಪಿನ ಸ್ಪೀಕರಿನ ಕಡೆಗೆ. ಅವರು ಟೈಪು ಮಾಡಿದ ಪ್ರತಿ ಪದವನ್ನೂ, ಪರದೆಯ ಮೇಲಿನ ಪ್ರತಿ ಸಾಲನ್ನೂ ಯಂತ್ರದೊಳಗಿನ ಧ್ವನಿ ಓದಿ ಹೇಳಬೇಕು. ಹೇಳಿದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಹೋದ ತಿಂಗಳು, ಯಂತ್ರ ತೀರ ನಿಧಾನವಾಯಿತೆಂದು ಅಕ್ಕ ಅದನ್ನು ತಂದುಕೊಟ್ಟರು. ಪೆಟ್ಟಿಗೆಯಣ್ಣ ಎಲ್ಲರಿಗೂ ಕೂರಿಸುವಂತೆ ಸೊಳ್ಳೆ ಕೂರಿಸಿದರು. ಪರದೆ ಥಳಥಳ, ಓಟ ಸರಾಗ. ನೋಡಿ ಖುಷಿಪಟ್ಟು, ಮುಚ್ಚಿ ಕೊಟ್ಟರು. ಸೊಳ್ಳೆಯೊಳಗೆ ಓದಿ ಹೇಳುವ ಧ್ವನಿಯೇ ಇರಲಿಲ್ಲ. ಅದನ್ನು ತಯಾರಿಸಿದವರು ಹಗುರವಾಗಲೆಂದು ಕೈಬಿಟ್ಟವುಗಳಲ್ಲಿ ಅದೂ ಒಂದು.

"ಅವ್ರಿಗೆ ಕಾಣಲ್ಲ ಅಂತ ನನಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಅವತ್ತು ಕೈ ಹಿಡಿದು ಚರಂಡಿ ದಾಟಿಸಿದ್ದೇ ನಾನು," ಎನ್ನುತ್ತಾರೆ ಪೆಟ್ಟಿಗೆಯಣ್ಣ. "ಗೊತ್ತಿದ್ದೂ ಗೊತ್ತಿರ್ಲಿಲ್ಲ. ಅದು ಹೇಗೆ ಅಂತ ಇವತ್ತಿಗೂ ತಿಳೀತಿಲ್ಲ."

ಅಕ್ಕ ಮನೆಗೆ ಹೋಗಿ ಗುಂಡಿ ಒತ್ತಿ ಕಾದರು. ಏನೂ ಕೇಳಲಿಲ್ಲ. ಆರಿಸಿ ಮತ್ತೆ ಒತ್ತಿದರು. ಕಿವಿಯನ್ನು ಯಂತ್ರಕ್ಕೇ ಹಚ್ಚಿದರು.

"ಕಣ್ಣಂತೂ ಮೊದಲಿಂದ್ಲೂ ಇಲ್ಲ, ಈಗ ಕಿವೀನೂ ಹೋಯ್ತಾ ಅಂತ ಎದೆ ಧಸಕ್ಕಂತು," ಎಂದು ಅಕ್ಕ ಈಗ ನಗುತ್ತ ಹೇಳುತ್ತಾರೆ. "ಅಷ್ಟರಲ್ಲಿ ಬಚ್ಚಲಲ್ಲಿ ನಲ್ಲಿ ತೊಟ್ಟಿಕ್ಕಿದ್ದು ಕೇಳಿಸ್ತು. ಆ ಹಾಳು ನಲ್ಲಿಗೆ ವರ್ಷದಿಂದ ಶಾಪ ಹಾಕ್ತಿದ್ದೆ. ಅವತ್ತು ಹೋಗಿ ಅದಕ್ಕೊಂದು ಕೈಮುಗಿದು ಬಂದೆ."

ಮರುದಿನ ಅಕ್ಕ ಬಂದಾಗ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಲ್ಯಾಪ್‌ಟಾಪ್ ತೆರೆದ ಕೂಡಲೇ ಪೆಟ್ಟಿಗೆಯಣ್ಣನಿಗೆ ತಮ್ಮ ತಪ್ಪು ತಿಳಿಯಿತು. ಹಿಂದಿನ ದಿನ ಅದೇ ಯಂತ್ರದಲ್ಲಿ ಹಾಡು ಹಾಕಿ ಕೇಳಿದ್ದರು. ಸದ್ದಿಗೇನೂ ಕೊರತೆ ಇರಲಿಲ್ಲ. ಓದಿ ಹೇಳುವ ಧ್ವನಿಯ ನೆನಪೇ ಬಂದಿರಲಿಲ್ಲ. ಅಷ್ಟೂ ಜನರ ಎದುರು ಅವರ ಬಾಯಿಂದ ಬಂದ ಮಾತು ಬೇರೆ: "ಸ್ಪೀಕರ್ ಹೋಗಿದೆ ಅಕ್ಕಾ. ಎಲ್ಲಕ್ಕೂ ವಯಸ್ಸಾಯ್ತಲ್ಲ. ಹೊಸದು ಹಾಕ್ಕೊಡ್ತೀನಿ." ಸ್ಪೀಕರನ್ನು ಅವರು ಮುಟ್ಟಲೂ ಇಲ್ಲ. ಅವಸರದಲ್ಲಿ ಎಮ್ಮೆ ಕೂರಿಸಿದರು. ಧ್ವನಿ ಬಂತು. ದುಡ್ಡು ಬೇಡ ಎಂದರು. ಅಕ್ಕ ಅದನ್ನು ಅವರ ದೊಡ್ಡ ಗುಣ ಎಂದುಕೊಂಡರು.

ಯಾಕೆ ಹಾಗೆ ಹೇಳಿದಿರಿ ಎಂದರೆ ಪೆಟ್ಟಿಗೆಯಣ್ಣ ಕೈಯಲ್ಲಿದ್ದ ಸ್ಕ್ರೂಡ್ರೈವರಿನ ಹಿಡಿಕೆಯನ್ನು ನೋಡುತ್ತಾರೆ. "ಹೇಳ್ಬೇಕು ಅಂತ ಹೇಳಿದ್ದಲ್ಲ. ಬಾಯಿ ತೆಗೆದೆ, ಅದು ಬಂತು. ಒಂದ್ಸಲ ಬಂದ್ಮೇಲೆ ಎಲ್ಲಿಗೆ ವಾಪಸ್ ಹಾಕೋದು?"

ಎಮ್ಮೆಯ ಧ್ವನಿ ಬರುವುದು ತಡ. ಅಕ್ಕ ಐದನೇ ಪದ ಟೈಪು ಮಾಡುವಾಗ ಅದು ಎರಡನೆಯದನ್ನು ಓದುತ್ತಿರುತ್ತದೆ. ಕೆಲಸ ಹಿಂದೆ ಬಿತ್ತು. ಈ ವಾರ ಅಕ್ಕ ಮತ್ತೆ ತಂದು ಕೊಟ್ಟಿದ್ದಾರೆ. ಅಂದಿನಿಂದ ಪೆಟ್ಟಿಗೆಯಣ್ಣ ನಸುಕಿಗೇ ಎದ್ದು ಬಂದು ಟವೆಲ್ ಹೊದಿಸಿ ಕೂರುತ್ತಾರೆ. "ಮೊದಲ ದಿನ ಧ್ಯಾನ ಮಾಡ್ತಿದಾರೆ, ಒಳ್ಳೇದಾಯ್ತು ಅನ್ಕೊಂಡೆ," ಎನ್ನುತ್ತಾರೆ ಹೆಂಡತಿ. "ಆಮೇಲೆ ನೋಡಿದ್ರೆ ಲ್ಯಾಪ್‌ಟಾಪ್ ಜೊತೆ ಕಣ್ಣಾಮುಚ್ಚಾಲೆ."

ಮೊದಲು ಸೊಳ್ಳೆಗೇ ಧ್ವನಿಯನ್ನು ತಂದು ಜೋಡಿಸಿ ನೋಡಿದರು. ಜೋಡಿಯಾಯಿತು. ಆದರೆ ಮಧ್ಯೆ ಮಧ್ಯೆ ಸುಮ್ಮನಾಗುತ್ತದೆ. ಪರದೆ ಕಾಣುವವರಿಗೆ ಅದು ದೊಡ್ಡ ತೊಂದರೆಯಲ್ಲ. ಟವೆಲಿನ ಈಚೆ ಕೂತವರಿಗೆ ಬೇರೆ. "ಯೋಚನೆ ಮಾಡ್ತಿದೆಯೋ, ಮುನಿಸ್ಕೊಂಡಿದೆಯೋ, ಸತ್ತೇ ಹೋಯ್ತೋ? ಸುಮ್ನಿರೋದರಲ್ಲಿ ಇಷ್ಟೊಂದು ಥರ ಇದೆ ಅಂತ ನನಗೆ ಗೊತ್ತೇ ಇರ್ಲಿಲ್ಲ." ಮೇಕೆಯ ಧ್ವನಿ ಎಮ್ಮೆಗಿಂತ ಚುರುಕು, ಸೊಳ್ಳೆಗಿಂತ ನಂಬಿಗಸ್ತ. ಆದರೆ ಏದುಸಿರು. ಪದ ಪದಕ್ಕೂ ಉಸಿರೆಳೆದುಕೊಳ್ಳುತ್ತದೆ. ಮೂರು ದಿನದಿಂದ ಇದೇ ಗೊಂದಲ: ಒಂದನ್ನು ಕೂರಿಸುವುದು, ಇಳಿಸುವುದು, ಮತ್ತೊಂದನ್ನು ಕೂರಿಸುವುದು.

ಇವತ್ತು ಮೇಕೆ. ಕಣ್ಣು ಮುಚ್ಚಿಯೇ ಇದ್ದ ಪೆಟ್ಟಿಗೆಯಣ್ಣ ಇದ್ದಕ್ಕಿದ್ದಂತೆ ಟವೆಲನ್ನು ಎಳೆದು ಪರದೆಯನ್ನು ದಿಟ್ಟಿಸುತ್ತಾರೆ. ಅಲ್ಲಿ ಬೆಟ್ಟದ ಚಿತ್ರವಿದೆ. ಕಿಟಕಿಗಳು ತೆರೆಯುವಾಗ ಮೆಲ್ಲಗೆ ಮಸುಕಾಗಿ ಅರಳುತ್ತವೆ. ಗುಂಡಿಗಳಿಗೆ ನೆರಳಿದೆ. "ಇದೆಲ್ಲ ಯಾರಿಗೆ?" ಎಂದು ತಮಗೇ ಕೇಳಿಕೊಳ್ಳುತ್ತಾರೆ. ಬೆಟ್ಟ ತೆಗೆಯುತ್ತಾರೆ. ನೆರಳು ತೆಗೆಯುತ್ತಾರೆ. ಅರಳುವುದನ್ನು ನಿಲ್ಲಿಸುತ್ತಾರೆ. ಚಂದಕ್ಕೆಂದು ಇದ್ದದ್ದನ್ನೆಲ್ಲ ಒಂದೊಂದಾಗಿ ಕಳಚಿ ಮತ್ತೆ ಶುರು ಮಾಡಿದಾಗ ಮೇಕೆಗೆ ಏದುಸಿರಿಲ್ಲ. ಧ್ವನಿ ಬೆರಳಿನ ಹಿಂದೆಯೇ ಬರುತ್ತದೆ. ಪರದೆ ಮಾತ್ರ ಕಪ್ಪು ಹಲಗೆಯಂತೆ ಬೋಳು.

"ನೋಡೋರಿಗೆ ಕೆಟ್ಟೋಗಿರೋ ಥರ ಕಾಣತ್ತೆ. ಹೀಗೆ ಕೊಡಬಹುದಾ?" ಎಂದು ಹೆಂಡತಿಯ ಕಡೆ ತಿರುಗುತ್ತಾರೆ.

"ನೋಡೋರು ಯಾರು ರೀ?" ಎನ್ನುತ್ತಾರೆ ಹೆಂಡತಿ, ಕಾಗದದ ಕಟ್ಟು ಬಿಚ್ಚುತ್ತ.

ಬಿಸಿಲು ಮೆಟ್ಟಿಲಿಗೆ ಬರುವ ಹೊತ್ತಿಗೆ ಚರಂಡಿಯ ಕಲ್ಲಿನ ಮೇಲೆ ಕೋಲಿನ ಸದ್ದಾಗುತ್ತದೆ.

"ಏನಪ್ಪಾ ಪೆಟ್ಟಿಗೆಯಣ್ಣ, ನಿನ್ನ ಎಮ್ಮೆ ಎದ್ದು ಓಡ್ತಾ?"

"ಎಮ್ಮೆ ಅಲ್ಲ ಅಕ್ಕಾ, ಈ ಸಲ ಮೇಕೆ."

"ಮೇಕೆಯೋ ಕೋಳಿಯೋ, ಬಾಯಿದೆ ತಾನೆ? ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ನನಗೆ ಬೆಳ್ಳೀನೇ ಸಾಕು."

ಅಕ್ಕ ಸ್ಟೂಲಿನ ಮೇಲೆ ಕೂತು ಟೈಪು ಮಾಡುತ್ತಾರೆ. ಮೊದಲು ಮೆಲ್ಲಗೆ, ಪರೀಕ್ಷಿಸುವಂತೆ. ಆಮೇಲೆ ಬೇಕೆಂದೇ ಜೋರಾಗಿ. ಧ್ವನಿ ಹಿಂದೆ ಬೀಳುವುದಿಲ್ಲ. ಅಕ್ಕ ಕೈ ನಿಲ್ಲಿಸುತ್ತಾರೆ, ಅದೂ ನಿಲ್ಲುತ್ತದೆ. "ಗಂಟಲು ಹಳೇದೇ," ಎನ್ನುತ್ತಾರೆ. "ಕಾಲು ಹೊಸದು."

"ಹಾಗಾದ್ರೆ ಆ ದೊಡ್ಡ ಕೆಲಸ ಒಪ್ಕೊಂಡ್ಬಿಡಿ ಅಕ್ಕಾ," ಎನ್ನುತ್ತಾರೆ ಹೆಂಡತಿ.

ದೊಡ್ಡ ಕೆಲಸವೆಂದರೆ, ಮುಚ್ಚಿಹೋದ ಗಿರಣಿಯೊಂದರ ಕಾರ್ಮಿಕರ ನೆನಪುಗಳ ರೆಕಾರ್ಡಿಂಗ್. ಪೂರ್ತಿ ಟೈಪು ಮಾಡಲು ವರ್ಷವೇ ಬೇಕು. ಇಷ್ಟು ದೊಡ್ಡದು ಅಕ್ಕನನ್ನು ಹುಡುಕಿಕೊಂಡು ಬಂದಿರುವುದು ಇದೇ ಮೊದಲು. ಸೋಮವಾರ ಉತ್ತರ ಹೇಳಬೇಕು.

"ಆಸೆ ಏನೋ ಇದೆ," ಎನ್ನುತ್ತಾರೆ ಅಕ್ಕ. "ಮಾದರಿಗೆ ಒಂದು ಕಳಿಸಿದ್ರು. ಒಬ್ಬ ಅಜ್ಜಿ ಮಗ್ಗದ ಸದ್ದನ್ನ ಬಾಯಲ್ಲೇ ಮಾಡಿ ತೋರಿಸ್ತಾಳೆ. ಎಷ್ಟು ಸಲ ಕೇಳಿದ್ನೋ. ಆದ್ರೆ ಒಂದ್ಸಲ ಸ್ಪೀಕರ್ ಕೈಕೊಟ್ಟಿರೋ ಡಬ್ಬ ಇದು. ಅರ್ಧದಲ್ಲಿ ಮತ್ತೆ ಹೋದ್ರೆ ಅವ್ರಿಗೆ ಏನಂತ ಹೇಳ್ಲಿ? ಬೇಡ ಅಂದ್ಬಿಡ್ತೀನಿ."

"ಸ್ಪೀಕರ್ ಹೋಗಲ್ಲ ಅಕ್ಕಾ."

"ಹಳೇ ಗೋಡೆಗೆ ಹೊಸ ಮೊಳೆ ಎಷ್ಟು ದಿನ ನಿಲ್ಲತ್ತೆ? ಎಲ್ಲಕ್ಕೂ ವಯಸ್ಸಾಯ್ತು ಅಂದಿದ್ದು ನೀನೇ. ಹೋಗಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯಾ?"

ಪೆಟ್ಟಿಗೆಯಣ್ಣ ಬಾಯಿ ತೆರೆಯುತ್ತಾರೆ. ಜೆರಾಕ್ಸ್ ಯಂತ್ರ ಒಂದು ಹಾಳೆಯನ್ನು ಉಗುಳುತ್ತದೆ, ಇನ್ನೊಂದನ್ನು ಉಗುಳುತ್ತದೆ. ಹೆಂಡತಿ ಗಂಡನ ಮುಖ ನೋಡುತ್ತಾರೆ. ಅಕ್ಕ ಕಿವಿಯನ್ನು ಅವರ ಕಡೆಗೇ ವಾಲಿಸಿ ಕಾಯುತ್ತಾರೆ, ಯಂತ್ರದ ಮುಂದೆ ಕಾಯುವ ಹಾಗೆಯೇ.

"ಚರಂಡಿ ಹತ್ರ ಹುಷಾರು ಅಕ್ಕಾ," ಎನ್ನುತ್ತಾರೆ ಪೆಟ್ಟಿಗೆಯಣ್ಣ.

ಅಕ್ಕ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಟು, ಕೋಲಿನ ಸದ್ದು ಬೀದಿಯ ತಿರುವು ದಾಟಿದ ಮೇಲೂ ಪೆಟ್ಟಿಗೆಯಣ್ಣ ಕೂತೇ ಇರುತ್ತಾರೆ. ಭಾನುವಾರದ ಪತ್ರಿಕೆಯ ಈ ಬರಹದಲ್ಲಿ ಸ್ಪೀಕರಿನ ವಿಷಯ ಬರೆಯಬೇಡಿ ಎನ್ನುತ್ತಾರೆ. ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸುತ್ತಾರೆ. ಆಮೇಲೆ ಹೆಂಡತಿಯನ್ನು ಕೇಳುತ್ತಾರೆ: "ಅಕ್ಕ ಪೇಪರ್ ಓದ್ತಾರಾ?"

"ಭಾನುವಾರದ್ದು ತಪ್ಪಿಸಲ್ಲ. ಲ್ಯಾಪ್‌ಟಾಪ್ ಹತ್ರಾನೇ ಓದಿಸ್ಕೊಂಡು ಕೇಳ್ತಾರೆ."

"ಭಾನುವಾರ," ಎನ್ನುತ್ತಾರೆ ಪೆಟ್ಟಿಗೆಯಣ್ಣ. "ಅವ್ರು ಉತ್ತರ ಕೊಡೋದು ಸೋಮವಾರ." ಟವೆಲನ್ನು ಪಕ್ಕಕ್ಕಿಡುತ್ತಾರೆ. "ಬರೀರಿ. ಇಲ್ಲ, ಬೇಡ." ಮೊಳೆಯಲ್ಲಿ ನೇತಾಡುವ ಪೆನ್‌ಡ್ರೈವ್‌ಗಳನ್ನು ನೋಡುತ್ತಾರೆ, ಅಲ್ಲೂ ಉತ್ತರವಿದ್ದೀತೇನೋ ಎಂಬಂತೆ. "ಬರೀರಿ. ಅದನ್ನ ಓದೋವಾಗ ನನ್ನ ಮೇಕೆ ಎಲ್ಲೂ ತಡವರಿಸಬಾರ್ದು, ಅಷ್ಟೇ ಸಾಕು ನನಗೆ."

ಸ್ಪೀಕರ್ ಯಾವತ್ತೂ ಕೆಟ್ಟಿರಲಿಲ್ಲ, ಯಂತ್ರ ಗಟ್ಟಿಯಾಗಿದೆ, ಅಂದಿನ ತಪ್ಪು ತಮ್ಮದು. ಇಷ್ಟನ್ನು ಪೆಟ್ಟಿಗೆಯಣ್ಣ ಟೈಪಿಂಗ್ ಅಕ್ಕನಿಗೆ ಬಾಯಿಬಿಟ್ಟು ಹೇಳಲೇ ಇಲ್ಲ.