ಒಂದು ಗಂಟೆ ಮುಂದಿದ್ದ ಗಡಿಯಾರ

ನಿನ್ನೆ ನಮ್ಮ ವಾರ್ಡಿನ ಬ್ರೇಕ್ ರೂಮಿನಲ್ಲಿ ಹೊಸ ಹುಡುಗಿ ಊಟದ ಡಬ್ಬಿ ತೆರೆದಳು. ಗುರೆಳ್ಳು ಚಟ್ನಿಪುಡಿಯ ವಾಸನೆ ಮೂಗಿಗೆ ಬಡಿಯಿತು. ಮೈಕ್ರೋವೇವಿನ ಪಾಪ್‌ಕಾರ್ನ್, ಯಾರದೋ ಟ್ಯೂನಾ ಸ್ಯಾಂಡ್‌ವಿಚ್, ಎಲ್ಲರ ಕೈಯ ಸ್ಯಾನಿಟೈಜರ್, ಇಷ್ಟನ್ನೂ ಪಕ್ಕಕ್ಕೆ ತಳ್ಳಿಕೊಂಡು ಬಂದ ವಾಸನೆ. ನಾನು ಮೈಸೂರಿನವಳು, ನಮ್ಮ ಮನೆಯಲ್ಲಿ ಗುರೆಳ್ಳಿನ ರೂಢಿಯೇ ಇರಲಿಲ್ಲ. ಅದರ ರುಚಿ ಹತ್ತಿಸಿದವರು ಇಲ್ಲಿ ವೆಸ್ಟ್‌ಮಂಟ್‌ನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಆಂಟಿ. ಹುಡುಗಿ ಏನೋ ಕೇಳುತ್ತಿದ್ದಳು... ನನಗೆ ಕೇಳಿಸಲೇ ಇಲ್ಲ.

ಅವಳ ನರ್ಸಿಂಗ್ ಓದು ಈ ಮೇ ತಿಂಗಳಿಗೆ ಮುಗಿಯುತ್ತದೆ. ಕೊನೆಯ ತರಬೇತಿಗೆಂದು ನನ್ನ ಜೊತೆ ಹಾಕಿದ್ದಾರೆ. ಬೆಂಗಳೂರಿನವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಚಟ್ನಿಪುಡಿ ಅವಳ ಅಜ್ಜಿ ಕಳಿಸಿದ್ದಂತೆ. ಎರಡು ಕಡೆ ಕೆಲಸ ಸಿಕ್ಕಿದೆ, ಒಂದು ಐಸಿಯು, ಇನ್ನೊಂದು ನಮ್ಮಂಥದೇ ಸಾಮಾನ್ಯ ವಾರ್ಡು. "ವಿಚ್ ಒನ್ ಶುಡ್ ಐ ಪಿಕ್, ಆಂಟಿ?" ಎಂದು ಎರಡನೆಯ ಸಲ ಕೇಳಿದಳು. ಆಂಟಿಯಂತೆ! ಈ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೋಗಿ, ಬೇಡದಿದ್ದರೂ ಲೋಟಕ್ಕೆ ನೀರು ಹಿಡಿದುಕೊಂಡು ಬಂದೆ.

ನಾನು ನರ್ಸ್ ಆದದ್ದು ಮೂವತ್ತೈದು ದಾಟಿದ ಮೇಲೆ. ಅದಕ್ಕೆ ಮುಂಚೆ, ಕೆಲಸ ಮಾಡುವಂತಿಲ್ಲದ ವೀಸಾದ ದೆಸೆಯಿಂದ, ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದೆ. ಗ್ರೀನ್ ಕಾರ್ಡ್ ಬಂದದ್ದೇ ತಡ, ಕಮ್ಯುನಿಟಿ ಕಾಲೇಜಿಗೆ ಸೇರಿ, ಮಗಳ ಹೋಮ್‌ವರ್ಕಿನ ಪಕ್ಕದಲ್ಲಿ ನನ್ನ ಹೋಮ್‌ವರ್ಕ್ ಇಟ್ಟುಕೊಂಡು ಓದಿದೆ. ನಮ್ಮ ಕನ್ನಡದವರ ಪಾಟ್‌ಲಕ್ ಊಟಗಳಲ್ಲಿ "ಮೆಡಿಕಲ್ ಲೈನಾ? ಡಾಕ್ಟರಾ?" ಎಂದು ಕಣ್ಣರಳಿಸಿದವರು, ನರ್ಸಿಂಗ್ ಎಂದ ಕೂಡಲೇ ಬಿಸಿಬೇಳೆಬಾತಿನ ಕಡೆಗೆ ತಿರುಗಿಬಿಡುತ್ತಿದ್ದರು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಐಸಿಯುನಲ್ಲೇ ಸೇರಿ ತೋರಿಸುತ್ತೇನೆ, ಆಗ ಏನನ್ನುತ್ತಾರೋ ನೋಡೋಣ ಎಂದು ಹಟ ಹಿಡಿದಿದ್ದೆ.

ಎದುರುಮನೆ ಆಂಟಿ ಧಾರವಾಡದವರು. ಮಿಶಿಗನ್ನಿನ ಡೆಟ್ರಾಯಿಟ್ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು ರಿಟೈರ್ ಆದವರು. ಗಂಡ ತೀರಿಕೊಂಡ ಮೇಲೆ, ತಂಗಿಗೆ ಹತ್ತಿರವಾಗಲಿ ಎಂದು ವೆಸ್ಟ್‌ಮಂಟ್‌ಗೆ ಬಂದರೆ, ಮರುವರ್ಷವೇ ತಂಗಿಯ ಸಂಸಾರ ಟೆಕ್ಸಾಸಿಗೆ ಹೊರಟುಹೋಯಿತು. "ಆಕಿ ಹಿಂದ ಊರೂರು ತಿರಗಲಿಕ್ಕೆ ನಾ ಏನ್ ಆಕಿ ಸೂಟ್‌ಕೇಸ್ ಏನವಾ?" ಎಂದು ಇವರು ಇಲ್ಲೇ ಉಳಿದರು. ಆಸ್ಪತ್ರೆಯ ತರಬೇತಿ ಮುಗಿಸಿ ಬಂದ ದಿನ ನಾನು ಕಾರು ನಿಲ್ಲಿಸಿದವಳೇ ಮೊದಲು ಅವರ ಮನೆಗೆ ನುಗ್ಗುತ್ತಿದ್ದೆ. ತಟ್ಟೆಯಲ್ಲಿ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಅದರ ಮೇಲೊಂದಿಷ್ಟು ಮೊಸರು ಬೀಳುತ್ತಿತ್ತು. ನಾನು ತಿನ್ನುತ್ತ ಒದರುತ್ತಿದ್ದೆ, ಅವರು ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು.

ಅವರ ಸ್ಟೋವಿನ ಎದುರಿನ ಗೋಡೆಯಲ್ಲಿ ಒಂದು ದುಂಡನೆಯ ಗಡಿಯಾರವಿತ್ತು. ಅದು ಯಾವಾಗಲೂ ಒಂದು ಗಂಟೆ ಮುಂದೆ. ಮಿಶಿಗನ್ನಿನ ಮನೆಯಿಂದ ತಂದದ್ದು, ಅಲ್ಲಿನ ಟೈಮಿಗೇ ಬಿಟ್ಟಿದ್ದರು. ಮಾರ್ಚಿನಲ್ಲಿ, ನವೆಂಬರಿನಲ್ಲಿ ಬೇಸಿಗೆ-ಚಳಿಗಾಲದ ಲೆಕ್ಕಕ್ಕೆ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುವಾಗ ತಪ್ಪದೆ ಸ್ಟೂಲು ಹತ್ತಿ ಮುಳ್ಳು ತಿರುಗಿಸುತ್ತಿದ್ದರು, ಅದೂ ಮಿಶಿಗನ್ನಿನ ಲೆಕ್ಕಕ್ಕೇ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ನಮ್ಮನಿಯವ್ರು ಅದನ್ನ ನೋಡೇ ಡ್ಯೂಟಿಗೆ ಹೋಗ್ತಿದ್ರು," ಎಂದಷ್ಟೇ ಹೇಳಿದ್ದರು.

ಕೊನೆಗೆ ಎರಡು ಕಡೆಯಿಂದ ಕರೆ ಬಂತು. ಡೆಟ್ರಾಯಿಟ್ ಹತ್ತಿರದ ದೊಡ್ಡ ಆಸ್ಪತ್ರೆಯ ಐಸಿಯುನಿಂದ ಒಂದು. ಇನ್ನೊಂದು ನಮ್ಮ ಮನೆಯ ಸಮೀಪದ, ನಾನು ತರಬೇತಿ ಮಾಡಿದ್ದ ಇದೇ ವಾರ್ಡಿನಿಂದ. ಇಲ್ಲಿರುವುದೇನು? ಸಕ್ಕರೆ ಕಾಯಿಲೆಯಿಂದ ಹುಣ್ಣಾದ ಕಾಲುಗಳು, ಪಿತ್ತಕೋಶ ತೆಗೆಸಿಕೊಂಡವರು, ನ್ಯುಮೋನಿಯಾದ ಅಜ್ಜಂದಿರು. ಅದರ ಮೇಲೆ, ನನ್ನ ಗಂಡನ ಕೆಲಸ ಆಗಲೇ ಡೆಟ್ರಾಯಿಟ್ ಪಕ್ಕದ ಪ್ಲಿಮತ್‌ಗೆ ವರ್ಗವಾಗಿತ್ತು. ಅಲ್ಲೊಂದು ರೂಮು ಹಿಡಿದು ಶುಕ್ರವಾರ ರಾತ್ರಿ ಬಂದು ಭಾನುವಾರ ಹೊರಡುತ್ತಿದ್ದರು. ನಾನು ಐಸಿಯು ಒಪ್ಪಿಕೊಂಡರೆ ಮೂವರೂ ಒಂದೇ ಸೂರಿನಡಿ ಇರಬಹುದಿತ್ತು. ಯೋಚಿಸುವುದಕ್ಕೆ ಏನೂ ಇರಲಿಲ್ಲ.

ಹಾಗಿದ್ದೂ ಒಪ್ಪಿಗೆ ಒತ್ತಲು ಬೆರಳು ಏಳಲಿಲ್ಲ. ಐಸಿಯುನವರ ಈಮೇಲ್ ಬಂದದ್ದು ಗುರುವಾರ ಬೆಳಿಗ್ಗೆ. ಮರುದಿನ ಮಧ್ಯಾಹ್ನ ಒಂದು ಗಂಟೆಯೊಳಗೆ ಒಪ್ಪಿಗೆ ಕೊಡಬೇಕಿತ್ತು. ಇಡೀ ದಿನ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯಲ್ಲಿ ತಿರುಗಿದೆ. ಕಂಡವರಿಗೆಲ್ಲ ಫೋನ್ ಮಾಡಿದೆ. ಎಲ್ಲರೂ ಐಸಿಯು ಎಂದರು, ಗಂಡನೂ ಅದನ್ನೇ ಎಂದರು. "ಅಮ್ಮಾ, ಜಸ್ಟ್ ಕ್ಲಿಕ್ ಯೆಸ್!" ಎಂದು ಮಗಳು ಬಾಗಿಲು ಹಾಕಿಕೊಂಡಳು. ಬಟ್ಟೆ ಮಡಿಸಿದೆ, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದೆ. ಕ್ಲಿಕ್ ಮಾತ್ರ ಮಾಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಇನ್ನೇನು ಒತ್ತಬೇಕು, ಮೈಸೂರಿನಿಂದ ಅಮ್ಮ ಫೋನ್ ಮಾಡಿದಳು. "ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಕಣೇ. ಆಮೇಲೆ ಕಳ್ಸು, ಏನ್ ಗಂಟು ಮುಳುಗಿಹೋಗತ್ತೆ?" ಮೈಸೂರಿನ ಗೋಡೆ ಕ್ಯಾಲೆಂಡರಿನ ರಾಹು ವೆಸ್ಟ್‌ಮಂಟ್‌ಗೂ ಅದೇ ಹೊತ್ತಿಗೆ ಬರುತ್ತಾನೆಯೇ ಎಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಒಂದು ಗಂಟೆಯವರೆಗೆ ಸಮಯವಿತ್ತಲ್ಲ.

ಅಷ್ಟರಲ್ಲಿ ಆಂಟಿ ಡಬ್ಬಿ ಹಿಡಿದುಕೊಂಡು ಬಂದರು. ನಾನು ಲ್ಯಾಪ್‌ಟಾಪ್ ಅವರತ್ತ ತಿರುಗಿಸಿ ಆ ಈಮೇಲ್ ತೋರಿಸಿದೆ. ಕನ್ನಡಕ ಏರಿಸಿಕೊಂಡು ಕೆಳಗಿನವರೆಗೂ ಓದಿದರು.

"ಒಂದು ಗಂಟೆವರ್ಗೂ ಟೈಮ್ ಇದೆ. ರಾಹುಕಾಲ ಕಳೀಲಿ ಅಂತಿದಾಳೆ ಅಮ್ಮ. ಹನ್ನೆರಡಾದ್ಮೇಲೆ ಕಳಿಸ್ಲಾ ಆಂಟಿ?"

"ನಿನಗ ಹೆಂಗ ಅನಸ್ತದ ಹಂಗ ಮಾಡವಾ," ಎಂದರು ಅವರು. "ಮೊದಲ ರೊಟ್ಟಿ ತಿನ್ನು."

ತಿಂದೆ. ಅವರು ಸ್ವಲ್ಪ ಹೊತ್ತು ಕೂತಿದ್ದು, ಸ್ಟೋವಿನ ಮೇಲೆ ಬೇಳೆ ಇಟ್ಟಿದ್ದೇನೆಂದು ಎದ್ದು ಹೋದರು. ಹನ್ನೆರಡು ದಾಟಿದ ಮೇಲೆ, ದೇವರಿಗೊಂದು ಕೈ ಮುಗಿದು ಕ್ಲಿಕ್ ಮಾಡಿದೆ. ಅವಧಿ ಮುಗಿದಿದೆ ಎಂದಿತು ಪರದೆ. ಇನ್ನೊಮ್ಮೆ ಒತ್ತಿದೆ. ಆಮೇಲೆ ಈಮೇಲನ್ನು ಕೆಳಗಿನವರೆಗೂ ಓದಿದೆ. ಒಂದು ಗಂಟೆ ಎಂದರೆ ಅವರ ಒಂದು ಗಂಟೆ, ಮಿಶಿಗನ್ನಿನದು. ನಮ್ಮ ಗಡಿಯಾರದಲ್ಲಿ ಅದು ಹನ್ನೆರಡು. ಮೈಸೂರಿನಲ್ಲಿ ಈಗೆಷ್ಟು ಹೊತ್ತು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವಳು ನಾನು. ಪ್ರತಿ ವಾರ ಗಂಡ ಹೋಗಿಬರುವ ಪಕ್ಕದ ಮಿಶಿಗನ್ ಒಂದು ಗಂಟೆ ಮುಂದಿದೆ ಎಂಬುದು ಆ ಹೊತ್ತಿನಲ್ಲಿ ತಲೆಗೇ ಬರಲಿಲ್ಲ. ಫೋನ್ ಮಾಡಿ ಗೋಗರೆದೆ. ಆ ಜಾಗ ಸಾಲಿನಲ್ಲಿದ್ದ ಮುಂದಿನವರಿಗೆ ಹೋಗಿದೆ ಎಂದು ಮೆತ್ತಗೆ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬರಿಗಾಲಲ್ಲೇ ಎದುರುಮನೆಗೆ ಓಡಿದೆ. ಅಳುವುದಕ್ಕೆ ಬಾಯಿ ತೆರೆದವಳಿಗೆ ಗೋಡೆಯ ಮೇಲಿನ ಗಡಿಯಾರ ಕಾಣಿಸಿತು. ಒಂದೂವರೆ. ಆಂಟಿ ಅದರ ಎದುರಿಗೇ ನಿಂತು ಬೇಳೆ ಕಡೆಯುತ್ತಿದ್ದರು.

"ಆಂಟಿ, ನಿಮ್ಗೆ ಗೊತ್ತಿತ್ತಾ?"

ಅವರು ಸ್ಟೋವ್ ಆರಿಸಿದರು. "ಗೊತ್ತಿತ್ತವಾ."

ಯಾಕೆ ಹೇಳಲಿಲ್ಲ ಎಂದು ಕಿರುಚಿದ್ದು ಬೀದಿಗೆ ಕೇಳಿಸಿರಬೇಕು.

"ಬೇಕಾಗಿದ್ರ ನಿನ್ನೇನ ಕಳಸ್ತಿದ್ದಿ ನೀ. ಐಸಿಯು ಮಾತು ಬಂದಾಗೆಲ್ಲಾ ನಮ್ಮ ಮಂದಿ ಏನಂತಾರ ಅನ್ನೂದ ಹೇಳ್ತಿ. ವಾರ್ಡ್ ಮಾತು ಬಂದ್ರ ಪೇಷಂಟ್ ಏನಂದ್ರು ಅಂತ ಹೇಳ್ತಿ. ನಾ ಎಷ್ಟ ತಿಂಗಳಿಂದ ಕೇಳ್ಲಿಕ್ಕತ್ತೀನಿ." ಇಷ್ಟು ಹೇಳಿ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ, ಸಣ್ಣ ದನಿಯಲ್ಲಿ, "ಮತ್ತ... ನೀನೂ ಹೋದ್ರ ನನಗಿಲ್ಲೆ ಯಾರದಾರವಾ?"

ಮೊದಲನೆಯದನ್ನಷ್ಟೇ ಹೇಳಿದ್ದರೆ ಉಪದೇಶ ಎನ್ನಬಹುದಿತ್ತು, ಎರಡನೆಯದನ್ನಷ್ಟೇ ಹೇಳಿದ್ದರೆ ಸ್ವಾರ್ಥ ಎನ್ನಬಹುದಿತ್ತು. ಎರಡನ್ನೂ ಒಟ್ಟಿಗೆ ಹೇಳಿ ನನ್ನ ಸಿಟ್ಟಿಗೆ ಒಂದು ದಿಕ್ಕೂ ಇಲ್ಲದಂತೆ ಮಾಡಿಬಿಟ್ಟರು. ಬಾಗಿಲು ದಡಾರನೆ ಹಾಕಿ ಬಂದೆ. ನನ್ನ ಬದುಕಿನ ವಿಷಯ ತೀರ್ಮಾನಿಸಲು ಇವರು ಯಾರು ಎಂದು ಆ ಬೇಸಿಗೆ ಪೂರ್ತಿ ಕುದಿದೆ. ಗಂಡ "ಹೋಗ್ಲಿ ಬಿಡು" ಎಂದರು, ಅಷ್ಟೇ. ಆದರೆ ಮನೆ ಹತ್ತಿರದ ಓಕ್ ಬ್ರೂಕಿನಲ್ಲಿ ಕೆಲಸ ಸಿಗುವವರೆಗೆ ಎರಡು ಚಳಿಗಾಲ ಐ-94 ಹೈವೇಯ ಹಿಮದಲ್ಲಿ ಓಡಾಡಿದವರು ಅವರೇ. ಹೈವೇ ಮುಚ್ಚಿದ್ದಾರೆಂದು ಸುದ್ದಿ ಬಂದ ದಿನ ಕಿಟಕಿಯಲ್ಲಿ ನಿಂತು ಎದುರುಮನೆಯನ್ನು ಶಪಿಸಿದ್ದೂ ಉಂಟು.

ಮಾತು ಬಿಟ್ಟದ್ದು ಮಾತ್ರ ಬಹಳ ದಿನ ನಡೆಯಲಿಲ್ಲ. ವಾರ್ಡಿಗೆ ಸೇರಿದ ಹೊಸತರಲ್ಲಿ ಒಬ್ಬ ಪೋಲಿಷ್ ಅಜ್ಜ, ನಾನು ಸೂಜಿ ಚುಚ್ಚುವಾಗಲೆಲ್ಲ ನಾನು ಹೆದರದಿರಲಿ ಎಂದು ನನಗೇ ಧೈರ್ಯ ಹೇಳುತ್ತಿದ್ದ. ಅದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುವಂತಿತ್ತು. ಗಂಡ ಪ್ಲಿಮತ್‌ನಲ್ಲಿ, ಮಗಳು "ಸೋ?" ಎಂದಳು. ಕಾಲುಗಳು ತಾವಾಗಿಯೇ ಎದುರುಮನೆಗೆ ನಡೆದವು. ಆಂಟಿ ಬಾಗಿಲು ತೆರೆದು, "ಬಾ, ರೊಟ್ಟಿ ಬಿಸಿ ಅದಾವ," ಎಂದರು. ಆ ಶುಕ್ರವಾರದ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ಕಫ ಕಟ್ಟಿ ನಮ್ಮ ವಾರ್ಡಿಗೇ ಬಂದು ಮಲಗಿದರು. ನಾನು ಅವರ ಮನೆಯ ಹುಡುಗಿ ಎಂದು ಡಾಕ್ಟರಿಂದ ಹಿಡಿದು ನೆಲ ಒರೆಸುವವನವರೆಗೆ ಎಲ್ಲರಿಗೂ ಸಾರಿದರು. ಮೂರನೆಯ ದಿನ ಉಸಿರಾಟ ಬಿಗಡಾಯಿಸಿ ಮೇಲಿನ ಮಹಡಿಯ ಐಸಿಯುಗೆ ಒಯ್ದರು. ನನ್ನ ಡ್ಯೂಟಿ ಮುಗಿದ ಮೇಲೆ, ಎದೆಗೆ ವಿಸಿಟರ್ ಸ್ಟಿಕ್ಕರ್ ಅಂಟಿಸಿಕೊಂಡು ಒಳಗೆ ಹೋದೆ. ನಾನು ಅಷ್ಟೊಂದು ಆಸೆಪಟ್ಟಿದ್ದ ಯಂತ್ರಗಳೆಲ್ಲ ಅವರ ಸುತ್ತ ಇದ್ದವು. ಅಲ್ಲಿನ ನರ್ಸ್ ಹುಡುಗ ಒಂದೊಂದನ್ನೂ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಿದ್ದ; ನಾನು ಕುರ್ಚಿಯಲ್ಲಿ ಕೂತು ಆಂಟಿಯ ಕಾಲು ಹಿಡಿದುಕೊಂಡಿದ್ದೆ, ಅಷ್ಟೇ. ಬಾಯಲ್ಲಿ ನಳಿಕೆ ಇತ್ತು, ಅವರು ಮಾತಾಡುವಂತಿರಲಿಲ್ಲ. "ಆಂಟಿ, ವಾರ್ಡೇ ಸರಿಯಾಗಿತ್ತು," ಎಂದೆ. ಕಾಯಿಲೆಯವರಿಗೆ ಸಮಾಧಾನಕ್ಕೆ ಹೇಳುತ್ತಾರಲ್ಲ, ಹಾಗೆ ಹೇಳಿದ್ದು. ಕೇಳಿಸಿತೋ ಇಲ್ಲವೋ... ಮರುದಿನ ಹೋಗಿಬಿಟ್ಟರು.

ಮನೆ ಖಾಲಿ ಮಾಡಲು ಟೆಕ್ಸಾಸಿನಿಂದ ಬಂದ ತಂಗಿ, ಏನಾದರೂ ಬೇಕಾ, ಆ ಗಡಿಯಾರ ಬೇಕಾ ಎಂದು ಕೇಳಿದರು. ಯಾಕೋ ಸಿಟ್ಟು ಬಂದು ಬೇಡ ಎಂದೆ. ಮನೆಯೊಳಗೆ ನಾಲ್ಕು ಸುತ್ತು ತಿರುಗಿ, ತಡೆಯಲಾರದೆ ವಾಪಸ್ಸು ಓಡಿದೆ. ಅಷ್ಟರಲ್ಲಿ ಅದು ದಾನಕ್ಕೆ ಹೊರಟ ಪೆಟ್ಟಿಗೆಗಳ ಜೊತೆ ವ್ಯಾನ್ ಹತ್ತಿ ಹೋಗಿತ್ತು. ಅಲ್ಲಿಯೂ ನಾನು ತಡವೇ.

ನಿನ್ನೆ ಹುಡುಗಿಯ ಪ್ರಶ್ನೆಗೆ ನಾನು ನೇರವಾಗಿ ಉತ್ತರ ಕೊಡಲಿಲ್ಲ. ನೀರು ಕುಡಿದು ಕೂತವಳು ಏನೇನೋ ಹೇಳತೊಡಗಿದೆ. ಪೋಲಿಷ್ ಅಜ್ಜನ ಕಥೆ ಹೇಳಿದೆ. ಹೊಲಿಗೆ ಬಿಚ್ಚುವಾಗ ಕಾರಿನ ಬೆಲೆ ಚೌಕಾಸಿ ಮಾಡುತ್ತಿದ್ದವನ ಕಥೆ, ಕಿಟಕಿ ಪಕ್ಕದ ಹಾಸಿಗೆಗಾಗಿ ಮುನಿಸಿಕೊಂಡು ಊಟ ಬಿಟ್ಟ ಟೀಚರಮ್ಮನ ಕಥೆ, ಅದೇ ದಿನ ಬೆಳಿಗ್ಗೆ ಐದನೇ ರೂಮಿನಾಕೆ ಅಂದದ್ದು, ಎಲ್ಲ ಅವರವರ ದನಿಯಲ್ಲೇ. ಹುಡುಗಿ ಬಿದ್ದು ಬಿದ್ದು ನಕ್ಕಳು. ಬ್ರೇಕ್ ಮುಗಿಯಿತು. "ಬಟ್ ಯು ಡಿಡಂಟ್ ಟೆಲ್ ಮಿ," ಎಂದಳು. ಈಮೇಲ್ ಕೆಳಗಿನವರೆಗೂ ಓದು, ಯಾವ ಊರಿನ ಟೈಮ್ ಅಂತ ನೋಡಿಕೋ, ಬೇಕಾದ್ದಕ್ಕೆ ಈಗಲೇ ಯೆಸ್ ಅನ್ನು ಎಂದೆ.

ಕೈ ತೊಳೆಯುತ್ತ ನಿಂತಾಗ, ಹುಡುಗಿ ಕೊಟ್ಟ ತುತ್ತಿನಿಂದ ಬೆರಳಿನಲ್ಲಿ ಇನ್ನೂ ಉಳಿದಿದ್ದ ಗುರೆಳ್ಳಿನ ವಾಸನೆಯ ಜೊತೆಗೆ, ಅದು ಹೊಳೆಯಿತು. ಅರ್ಧ ಗಂಟೆಯ ಮಾತಿನಲ್ಲಿ ನಾನು ಪೇಷಂಟ್ ಏನಂದರು ಎಂಬುದನ್ನು ಬಿಟ್ಟು ಬೇರೇನೂ ಹೇಳಿರಲಿಲ್ಲ. ಆ ದಿನ ಐಸಿಯುನಲ್ಲಿ ಆಂಟಿಗೆ ಹೇಳಿದ್ದು ಬರೀ ಸಮಾಧಾನದ ಮಾತಾಗಿರಲಿಲ್ಲ, ನಿಜವೇ ಆಗಿತ್ತು. ಗಂಡನ ಆ ಎರಡು ಚಳಿಗಾಲಗಳೂ ನಿಜವೇ, ಅದಕ್ಕಾಗಿ ಆಂಟಿಯ ಮೇಲೆ ನನಗೆ ಇನ್ನೂ ಸಿಟ್ಟಿದೆ. ಐಸಿಯುನಲ್ಲಿ ಎರಡನ್ನೂ ಒಟ್ಟಿಗೆ ಹೇಳಬೇಕಿತ್ತು, ಆ ಶುಕ್ರವಾರ ಅವರು ಹೇಳಿದ ಹಾಗೆ. ಡ್ಯೂಟಿ ಮುಗಿಸಿ ಕಾರು ನಿಲ್ಲಿಸಿದವಳು ಅಭ್ಯಾಸಬಲದಿಂದ ಎದುರುಮನೆಯ ಮೆಟ್ಟಿಲವರೆಗೂ ಹೋದೆ. ಯಾರೋ ಹೊಸಬರ ಪರದೆ, ಒಳಗೆ ಯಾವುದೋ ಟಿವಿಯ ಸದ್ದು. ಅಲ್ಲೇ ಒಂದು ಗಳಿಗೆ ನಿಂತಿದ್ದು ಮನೆಗೆ ಬಂದೆ.