ಬಳೆಗಾರನ ಪರದೆ

ಮಸ್ಕಿಯ ಸಂತೆಯಲ್ಲಿ ಬಳೆ ಇಡುತ್ತಿದ್ದ ಆ ಮುದುಕ ಸಾಬನ ಮುಖ ನನಗೀಗ ಮಸುಕು. ಕಣ್ಣು ಅರ್ಧ ಮುಚ್ಚಿ, ಹೆಣ್ಣುಮಕ್ಕಳ ಬೆರಳುಗಳನ್ನು ಮೊಗ್ಗಿನಂತೆ ಕೂಡಿಸಿ, "ಕೈ ಸಡಿಲ ಬಿಡ್ರಿ" ಎನ್ನುತ್ತಿದ್ದ ದನಿ ಮಾತ್ರ ಉಳಿದಿದೆ.

ಒಮ್ಮೆ ಊರ ಹೊರಗಿನ ಕೇರಿಯಿಂದ ಬಂದ ನಮ್ಮವ್ವ ಅವನೆದುರು ಕೂತಾಗ ಗೌಡರ ಮನೆಯಾಕೆ ತಡೆದಳು. "ನಮ್ಮವು ಪೂಜಿ ಮಾಡೋ ಕೈ. ಕೇರಿಯಾಕಿಗೆ ಬಳಿ ಇಟ್ಟ ಕೈಲೆ ನಮ್ಮನ್ನ ಮುಟ್ಟಬ್ಯಾಡಪ್ಪಾ." ಮುದುಕ ಬಳೆಗಳ ಗಂಟು ಕಟ್ಟಿದ. ಅವ್ವ ಬರಿಗೈಲಿ ಎದ್ದಳು.

ಮುಂದಿನ ಸಂತೆಗೆ ಅವನು ತನ್ನ ಮುಂದೆ ಹಸಿರು ಪರದೆ ಕಟ್ಟಿ ಕೂತಿದ್ದ. ನಿಜಾಮರ ಸೀಮೆಯಲ್ಲಿ ಪರದೆಗೆ ಯಾರು ತಕರಾರು ಮಾಡುತ್ತಾರೆ? ಕೇರಿಯವರಿಗೂ ಬಳೆ ಇಡುತ್ತೀಯೇನು ಎಂದು ಗೌಡರ ಮನೆಯಾಕೆ ಕೇಳಿದ್ದಕ್ಕೆ, "ನನಗ ಕೈ ಅಷ್ಟ ಕಾಣ್ತಾವ್ರಿ. ಯಾರವಂತ ಹೆಂಗ ಹೇಳ್ಲಿ?" ಎಂದ.

ಆಕೆ ಬಳೆ ಇಡಿಸಿಕೊಂಡು ಹೋದ ಮೇಲೆ ಅವ್ವ ಪರದೆಯೊಳಗೆ ಕೈ ಚಾಚಿದಳು. ನಾನು ಅಂಚಿನಿಂದ ಇಣುಕಿದೆ. ಒಳಗಿನ ಬಿಸಿಲೆಲ್ಲ ಹಸಿರು. ಬಳೆಗಳು ಕೆರೆಯ ತಳದಲ್ಲಿ ಮಲಗಿದಂತಿದ್ದವು. ಕಸಬರಿಗೆ ಹಿಡಿದು ಜಡ್ಡುಗಟ್ಟಿದ ಆ ಕೈ ಯಾರದೆಂದು ಮುದುಕನಿಗೆ ತಿಳಿಯದೆ ಇರಲಿಲ್ಲ.

"ಕೈ ಸಡಿಲ ಬಿಡ್ರಿ" ಎಂದ.

ಅವ್ವನ ಕೈ ಸಡಿಲಾಗಲಿಲ್ಲ. ಕೇರಿಯ ಹೊರಗಿನವರು ಯಾರೂ ಅದನ್ನು ಅಂದಿನವರೆಗೆ ಹಿಡಿದಿರಲಿಲ್ಲ. ಮುದುಕ ಬಳೆಯನ್ನು ಪಕ್ಕಕ್ಕಿಟ್ಟು, ಕೈಯನ್ನು ಹಾಗೆಯೇ ಹಿಡಿದುಕೊಂಡು ಕಾದ.