ಹಿಂದಿನ ಸಾಲಿನಲ್ಲಿ ಉಸ್ತಾದರು

ಗೋಣಿಬೀಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಉಸ್ತಾದರು ಸಿಕ್ಕಿದರು. ನಾನು ಚಿಕ್ಕವನಿದ್ದಾಗ ಇಲ್ಲಿನ ಮಸೀದಿಯಲ್ಲಿ ಶುಕ್ರವಾರದ ಪ್ರವಚನ ಮಾಡುತ್ತಿದ್ದವರು. ಸಂಜೆ ನಮ್ಮ ಅಂಗಡಿಗೆ ಬಂದು ಅಪ್ಪನ ಹತ್ತಿರ ವಚನಗಳ ಅರ್ಥ ಕೇಳುತ್ತಿದ್ದರು; ಅಪ್ಪ ಅವರಿಂದ ಪ್ರವಾದಿಗಳ ಕತೆ ಕೇಳುತ್ತಿದ್ದರು. ಈಗ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಅತ್ತರಿನ ವಾಸನೆ ಮಾತ್ರ ಅದೇ.

"ಈಗಲೂ ಪ್ರವಚನ ಮಾಡ್ತೀರಾ?" ಎಂದೆ.

"ಇಲ್ಲ ಮಾರಾಯ. ಎಲೆಕ್ಷನ್ ಹೊತ್ತಲ್ಲಿ ಮಸೀದಿ ಕಮಿಟಿಯವರು, ಪ್ರವಚನದಲ್ಲಿ ಒಬ್ಬರ ಹೆಸರು ಹೇಳಿ ಓಟು ಹಾಕೋಕೆ ಹೇಳಿ ಅಂದ್ರು. ದೇವರ ಮಾತು ಹೇಳೋ ಜಾಗದಲ್ಲಿ ಅದು ಬೇಡ ಅಂದೆ. ನನ್ನ ಬಿಡಿಸಿ, ನನ್ನ ಹತ್ರಾನೇ ಓದಿದವನನ್ನ ಇಟ್ಕೊಂಡ್ರು."

"ಬೇಜಾರಾಗ್ಲಿಲ್ವಾ?"

"ಆಯ್ತು. ಆದ್ರೂ ಅವನು ಮೊದಲ ಸಲ ಪ್ರವಚನ ಮಾಡಿದ ಶುಕ್ರವಾರ ಹೋಗಿ ಹಿಂದಿನ ಸಾಲಲ್ಲಿ ಕೂತೆ. ಕೊನೇವರೆಗೂ ಕೇಳಿದೆ. ಅವನೂ ಆ ಹೆಸರು ಹೇಳಲಿಲ್ಲ."